ಯಾರೂ ಕಾಯದ ದೂರ

ಮಹಾನಗರದಿಂದ ನಮ್ಮ ಊರಿಗೆ ವಿಮಾನದಲ್ಲಿ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ನಮ್ಮವರು ಉತ್ತರ ಕೊಡುವ ಮೊದಲು ‘ಯಾರು ಬರ್ತಿರೋದು?’ ಎಂದು ಕೇಳುತ್ತಾರೆ. ಕಂಪನಿಯವರು ಅಚ್ಚು ಹಾಕಿಸಿದ ಪಟ್ಟಿಯಲ್ಲಿ ಸಾವಿರದ ಐನೂರು ಕಿಲೋಮೀಟರ್, ಮೂರು ಗಂಟೆ ಎಂದಿತ್ತು. ಇಲ್ಲಿಂದ ಹೋಗುವಾಗ ಲೆಕ್ಕ ಸರಿಯಾಗಿಯೇ ಇರುತ್ತದೆ. ಮಹಾನಗರದ ನಿಲ್ದಾಣದಲ್ಲಿ ಹಗಲೂ ರಾತ್ರಿ ಸಾವಿರಾರು ಜನ ಯಾರನ್ನಾದರೂ ಎದುರು ನೋಡುತ್ತಾ ನಿಂತಿರುತ್ತಾರೆ, ಹಾಗಾಗಿ ಅಲ್ಲಿಗೆ ಹೋಗುವ ದೂರ ಏರುಪೇರಾಗುವುದಿಲ್ಲ. ಬರುವಾಗಿನ ಮಾತು ಬೇರೆ. ಬರುವವರಿಗಾಗಿ ಇಲ್ಲಿ ಯಾರು ಕಾಯುತ್ತಿದ್ದಾರೆ, ಹೇಗೆ ಕಾಯುತ್ತಿದ್ದಾರೆ ಎಂಬುದರ ಮೇಲೆ ದೂರ ನಿಂತಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮಗಳಿದ್ದರೆ ಸಾವಿರದ ಇನ್ನೂರಕ್ಕೆ ಇಳಿಯುತ್ತದೆ. ವರ್ಗವಾಗಿ ಬರುವ ಹೊಸ ತಹಶೀಲ್ದಾರರೊಬ್ಬರೇ ಇದ್ದರೆ ಸಾವಿರದ ಎಂಟುನೂರನ್ನು ಮುಟ್ಟಿದ್ದೂ ಉಂಟು.

ನನ್ನ ಹೆಸರು ಇಂದುಮತಿ. ನಿಲ್ದಾಣದ ಗೋಪುರದಲ್ಲಿ ಕುಳಿತು, ಬರುತ್ತಿರುವ ವಿಮಾನ ಇನ್ನೆಷ್ಟು ದೂರದಲ್ಲಿದೆ ಎಂದು ದೂರಮಾಪಕದಲ್ಲಿ ಓದುವುದು, ಅದನ್ನು ಕೆಳಗಿನ ಹಜಾರದ ಹಲಗೆಯ ಮೇಲೆ ಬರೆಸುವುದು, ಬದಲಾದರೆ ಒರೆಸಿ ಬರೆಸುವುದು ನನ್ನ ಕೆಲಸ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನೊಂದು ಸೂತ್ರಕ್ಕೆ ಕಟ್ಟಿಹಾಕಬೇಕೆಂಬ ಹಟ ನನಗಿತ್ತು. ಕಾಯುವವರ ಸಂಖ್ಯೆ ಒಂದು ಕಡೆ, ಕಿಲೋಮೀಟರ್ ಇನ್ನೊಂದು ಕಡೆ ಇಟ್ಟು ನಕ್ಷೆ ಎಳೆದೆ. ಚುಕ್ಕಿಗಳು ಚೆಲ್ಲಿದ ಸಾಸಿವೆಯ ಹಾಗೆ ಎಲ್ಲೆಂದರಲ್ಲಿ ಬಿದ್ದವು. ಮೊಬೈಲ್ ನೋಡುತ್ತಾ ನಿಂತ ನೂರು ಜನ ಒಂದು ಕಿಲೋಮೀಟರನ್ನೂ ಎಳೆಯಲಾರರು. ಬಾಗಿಲಿಗೆ ಕಣ್ಣು ನೆಟ್ಟು ಕುಳಿತ ಒಬ್ಬ ಅಜ್ಜಿ ನಲವತ್ತು ಎಳೆಯುತ್ತಾಳೆ. ಕಾರಣ ನನ್ನ ಕೈಗೆ ಸಿಗಲಿಲ್ಲ. ಅಳತೆ ಸಿಗುತ್ತಿತ್ತು. ಸಿಕ್ಕಿದ್ದನ್ನು ಸರಿಯಾಗಿ ಅಳೆಯುವುದೇ ಸಾಕಷ್ಟು ದೊಡ್ಡ ಕೆಲಸ ಎಂದು ಒಪ್ಪಿಕೊಳ್ಳಲು ನನಗೆ ಕೆಲವು ವರ್ಷ ಬೇಕಾಯಿತು.

ಬರುವ ಎಲ್ಲರಿಗೂ ಊರಿನಲ್ಲಿ ನೆಂಟರಿರುವುದಿಲ್ಲ. ಅದಕ್ಕಾಗಿ ಬೀದಿಗಳ ಸರದಿ ಇದೆ. ಇವತ್ತು ಕುಂಬಾರಗೇರಿಯವರು ಬಂದು ಕಾದರೆ ನಾಳೆ ಕೋಟೆ ಬೀದಿಯವರು. ಗುರುತಿಲ್ಲದವರನ್ನು ಕಾಯಲು ಮನಸ್ಸಿಗೊಂದು ಹಿಡಿ ಬೇಕು. ಹಾಗಾಗಿ ಮಹಾನಗರದಲ್ಲಿ ವಿಮಾನ ಹತ್ತುವ ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು ಮಾತು ಹೇಳಿ ಹತ್ತುವುದು ವಾಡಿಕೆ. ಅಲ್ಲಿಯ ಗುಮಾಸ್ತ ಅದನ್ನು ಫೋನಿನಲ್ಲಿ ನನಗೆ ತಿಳಿಸುತ್ತಾನೆ, ನಾನು ಧ್ವನಿವರ್ಧಕದಲ್ಲಿ ಹೇಳುತ್ತೇನೆ. ‘ಬೆಂಜಮಿನ್ ಅವರಿಗೆ ಮೆಟ್ಟಿಲಿಳಿಯುವಾಗ ಮಂಡಿ ಹಿಡಿಯುತ್ತದೆ.’ ‘ವಾರಿಜಾ ಅವರಿಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಕಾಲು ತೊಳೆಯಬೇಕು.’ ಅಷ್ಟಿದ್ದರೆ ಸಾಕು. ನಿಲ್ದಾಣದ ಬಾಗಿಲಲ್ಲಿ ಇಡ್ಲಿ ಅಂಗಡಿ ಇಟ್ಟಿರುವ ಕೆಂಪನಂಜಮ್ಮನಿಗೆ ಅಷ್ಟೂ ಬೇಡ. ಊರಿನಲ್ಲಿ ಅವಳಷ್ಟು ಚೆನ್ನಾಗಿ ಕಾಯುವವರು ಇಲ್ಲ. ಮಂಡಿನೋವು ಎಂದು ಕೇಳಿದ್ದೇ ತಡ, ಒಂದು ಕುರ್ಚಿಯನ್ನು ದರದರ ಎಳೆದು ಬಾಗಿಲ ಬಳಿ ಇಡುತ್ತಾಳೆ. ಮೇಲೆ ನನ್ನ ಮಾಪಕದಲ್ಲಿ ಹದಿನೈದು ಕಿಲೋಮೀಟರ್ ಇಳಿದಿರುತ್ತದೆ.

ಅತಿಯಾಗಿ ಕಾಯುವುದೂ ಅಪಾಯವೇ. ಒಮ್ಮೆ ನಮ್ಮ ಹುಡುಗಿಯರ ಖೊಖೊ ತಂಡ ಗೆದ್ದು ಬರುವಾಗ ಊರಿಗೆ ಊರೇ ತಮಟೆ ಸಮೇತ ಬಂದು ನಿಂತಿತ್ತು. ವಿಮಾನಕ್ಕೆ ಕೆಳಗಿಳಿಯಲು ಬೇಕಾದಷ್ಟು ದಾರಿಯೂ ಉಳಿಯಲಿಲ್ಲ. ಮೋಡದ ಎತ್ತರದಲ್ಲೇ ನಮ್ಮ ತಲೆಯ ಮೇಲೆ ಹಾದುಹೋಗಿ, ಸುತ್ತು ಹಾಕಿ ಹಾಕಿ ಇಳಿಯಬೇಕಾಯಿತು. ಹುಡುಗಿಯರಿಗೆಲ್ಲ ತಲೆಸುತ್ತು, ವಾಂತಿ. ಅಂದಿನಿಂದ ಯಾವುದೇ ತಂಡ ಬಂದರೂ ಅರ್ಧ ಊರಿಗೆ ಮನೆಯಲ್ಲೇ ಇರಿ ಎಂದು ಹೇಳಿ ಕಳಿಸುತ್ತೇವೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಕಂಪನಿಯ ದೊಡ್ಡ ಕಚೇರಿಯಿಂದ ಒಬ್ಬ ತನಿಖಾಧಿಕಾರಿ ಬರುತ್ತಾರೆ ಎಂಬ ಸುದ್ದಿ ಬಂತು. ಹೆಸರು ಪಾರ್ಶ್ವನಾಥ್. ಒಂದೇ ಮಾರ್ಗದಲ್ಲಿ ಒಂದು ದಿನ ಇಷ್ಟು, ಇನ್ನೊಂದು ದಿನ ಅಷ್ಟು ಇಂಧನ ಖರ್ಚಾಗುವುದು ಅವರ ಕಣ್ಣಿಗೆ ಬಿದ್ದಿತ್ತು. ದೂರ ಸ್ಥಿರವಾಗಿಲ್ಲದ ಮಾರ್ಗದಲ್ಲಿ ವಿಮಾನ ಓಡಿಸುವಂತಿಲ್ಲ ಎಂಬುದು ಅವರ ನಿಯಮ. ನಿಲ್ದಾಣದ ವ್ಯವಸ್ಥಾಪಕ ಚನ್ನವೀರಪ್ಪನವರು ಇದನ್ನು ಕೆಂಪನಂಜಮ್ಮನ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಹೇಳಿದರು.

“ಬಂದು ಅಳೀತಾರೆ, ಬರ್ಕೊಂಡು ಹೋಗ್ತಾರೆ, ಮುಂದಿನ ತಿಂಗಳು ಮುಚ್ಚಿ ಅಂತಾರೆ. ಅಷ್ಟೇ ಕತೆ.”

ಘಟ್ಟದ ರಸ್ತೆ ವರ್ಷದಲ್ಲಿ ಅರ್ಧ ಕಾಲ ಕುಸಿದಿರುತ್ತದೆ. ಟೈಲರ್ ಗಂಗಣ್ಣ ಮೂರು ವಾರಕ್ಕೊಮ್ಮೆ ಕ್ಯಾನ್ಸರ್ ಚಿಕಿತ್ಸೆಗೆ ಮಹಾನಗರಕ್ಕೆ ಹೋಗುವುದು ಈ ವಿಮಾನದಲ್ಲೇ. ಆಟೋ ಓಡಿಸುವ ದಸ್ತಗೀರನ ಹೆಂಡತಿ ಮೆಹರುನ್ನೀಸಾ ಆಗ ಕಣ್ಣಿನ ಆಪರೇಷನ್‌ಗೆಂದು ಅಲ್ಲಿಯೇ ಇದ್ದಳು.

“ಅವರು ಬರದಿದ್ರೆ?” ಎಂದ ಗಂಗಣ್ಣ.

ಚನ್ನವೀರಪ್ಪನವರು ಅದನ್ನು ಮೊದಲೇ ಯೋಚಿಸಿದ್ದರು. “ಆವತ್ತು ಯಾರೂ ಕಾಯೋಕೆ ಹೋಗ್ಬೇಡಿ. ದೂರ ತಾನಾಗೇ ಬೆಳೆಯುತ್ತೆ. ಪೈಲಟ್ ಲೋಬೊ ಅರ್ಧ ದಾರೀಲಿ ನೋಡ್ತಾನೆ, ಇಂಧನ ಸಾಲಲ್ಲ ಅಂತ ಹಿಂದಕ್ಕೆ ತಿರುಗಿಸ್ತಾನೆ. ಎರಡು ಸಲ ಹಾಗಾದ್ರೆ ಆ ಮನುಷ್ಯನೇ ಬೇಸತ್ತು ಕೈಬಿಡ್ತಾರೆ.”

ಇದು ಹುಚ್ಚು ಮಾತಾಗಿರಲಿಲ್ಲ. ನಾಲ್ಕು ಗಂಟೆ ಹಾರುವಷ್ಟು ಇಂಧನ ತುಂಬಿ ಹೊರಡುವ ವಿಮಾನ ಎರಡು ಗಂಟೆಯಾದಾಗ ಲೆಕ್ಕ ನೋಡುತ್ತದೆ. ಮುಂದಿನ ದಾರಿ ಉಳಿದ ಇಂಧನಕ್ಕಿಂತ ಹೆಚ್ಚಿದ್ದರೆ ತಿರುಗಿ ಹೋಗುತ್ತದೆ. ಹಾಗೆ ತಿರುಗಿ ಹೋದದ್ದು ಉಂಟು. ಆದರೂ ನಾನು ಹೇಳಿದೆ: “ಒಬ್ಬರನ್ನ ಬೇಡ ಅನ್ನೋಕೆ ಹೋಗಿ ಇಡೀ ವಿಮಾನಾನೇ ಬೇಡ ಅಂದ ಹಾಗಾಗುತ್ತೆ ಸಾರ್. ಅದರಲ್ಲಿ ಬೇರೆಯವರೂ ಇರ್ತಾರಲ್ಲ.”

“ಅವರು ಮಾರನೇ ದಿನ ಬರ್ತಾರೆ ಬಿಡಮ್ಮ.”

ಪಾರ್ಶ್ವನಾಥ್ ಬರುವ ದಿನ ಮೆಹರುನ್ನೀಸಾಳೂ ಅದೇ ವಿಮಾನ ಹತ್ತಿದಳು. ಉಳಿದ ಪ್ರಯಾಣಿಕರ ಮನೆಯವರೆಲ್ಲ ಊರಿನ ಮಾತಿಗೆ ಒಪ್ಪಿ ಮನೆಯಲ್ಲೇ ಉಳಿದರು. ದಸ್ತಗೀರ್ ಒಪ್ಪಲಿಲ್ಲ. ಬೆಳಿಗ್ಗೆಯೇ ಬಂದು, ಆಟೋ ನಿಲ್ಲಿಸಿ, ಖಾಲಿ ಹಜಾರದ ನಡುವಿನ ಬೆಂಚಿನಲ್ಲಿ ಒಬ್ಬನೇ ಕುಳಿತ. ನಾನು ಮೇಲೆ ಹೋಗುವಾಗ, “ನೀವೂ ಬೇಡ ಅಂತೀರಾ ಇಂದಕ್ಕ?” ಎಂದ. “ಕಣ್ಣಿನ ಕಟ್ಟು ಬಿಚ್ಚಿದ್ರೂ ಕರೀ ಕನ್ನಡಕ ಹಾಕ್ಕೊಂಡೇ ಇದಾಳಂತೆ. ಇಲ್ಲಿಗ್ ಬಂದು ನನ್ ಮುಖಾನೇ ಮೊದ್ಲು ನೋಡ್ತೀನಿ ಅಂದಿದಾಳೆ. ಗಡ್ಡಕ್ಕೆ ಮೆಹೆಂದಿ ಬೇರೆ ಹಚ್ಚಿಸ್ಕೊಂಡ್ ಬಂದಿದೀನಿ.”

ಬೇಡ ಎನ್ನಲು ನನ್ನಿಂದಾಗಲಿಲ್ಲ.

ಫೋನಿನಲ್ಲಿ ಗುಮಾಸ್ತ ಪ್ರಯಾಣಿಕರ ಮಾತುಗಳನ್ನು ಒಂದೊಂದಾಗಿ ಹೇಳಿದ. ಪಾರ್ಶ್ವನಾಥರ ಸರದಿ ಬಂದಾಗ ಸ್ವಲ್ಪ ಕೆಮ್ಮಿ, “ಅವರು ‘ಅನ್ವಯಿಸುವುದಿಲ್ಲ’ ಅಂದ್ರು ಮೇಡಂ,” ಎಂದ.

ದಸ್ತಗೀರನೊಬ್ಬನೇ ಅಷ್ಟು ಎಳೆಯಬಲ್ಲ ಎಂದು ನಾನೂ ಎಣಿಸಿರಲಿಲ್ಲ. ಹೊರಟು ಎರಡು ಗಂಟೆಯಾಗುವ ಹೊತ್ತಿಗೆ ವಿಮಾನ ನಮ್ಮಿಂದ ಆರುನೂರ ಇಪ್ಪತ್ತು ಕಿಲೋಮೀಟರ್ ದೂರದಲ್ಲಿತ್ತು. ಇಂಧನ ಸಾವಿರಕ್ಕೆ ಸಾಕಾಗುವಷ್ಟಿತ್ತು. ಕ್ಯಾಪ್ಟನ್ ಲೋಬೊ ಲೆಕ್ಕ ನೋಡಿ ಮುಂದಕ್ಕೇ ಬಂದರು. ಇನ್ನು ಹಿಂದಿರುಗುವ ಮಾತಿಲ್ಲ.

ಚನ್ನವೀರಪ್ಪನವರು ಹಜಾರಕ್ಕೆ ಬಂದು ಹಲಗೆಯ ಮೇಲಿನ ಅಂಕಿ ನೋಡಿದ್ದು ಆಗ. ಮೇಲೆ ಬಂದು ನನ್ನನ್ನು ಒಂದು ಮಾತು ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಅವರು ತಿರುಗುವ ಹೊತ್ತು ಇನ್ನೂ ಮೀರಿಲ್ಲ ಎಂದುಕೊಂಡು ನಾಲ್ಕು ಜನರನ್ನು ಕರೆದುಕೊಂಡು ದಸ್ತಗೀರನ ಮುಂದೆ ಹೋಗಿ ನಿಂತರು. ಮಾತು ಏರಿದ್ದು ನನಗೆ ಮೇಲಕ್ಕೇ ಕೇಳಿಸಿತು.

“ಒಂದಿನ ತಡ್ಕೊಳ್ಳಯ್ಯಾ, ಊರಿನ ಪ್ರಶ್ನೆ ಇದು.”

“ನೀವೇ ತಡ್ಕೊಳ್ಳಿ ಸ್ವಾಮಿ. ನಿಮ್ ಮನೆಯವ್ರು ಪಕ್ಕದ್ ಬೀದೀಲೇ ಇದಾರೆ, ನಿಮಗೆ ತಡ್ಕೊಳ್ಳೋದು ಸಲೀಸು!”

“ಏಯ್, ಮಾತು ನೋಡ್ಕೊಂಡು ಆಡು.”

“ಕೈ ಬಿಡ್ರೀ! ಅಂಗಿ ಬಿಡ್ರೀ ಮೊದ್ಲು!”

ಜಗಳವಾಡುವವನು ಕಾಯಲಾರ. ಎದುರಿಗೆ ನಿಂತವರ ಮೇಲೆ ಅವನ ಮನಸ್ಸು ಪೂರ್ತಿ ಹರಿದಿತ್ತು. ದೂರಮಾಪಕದ ಕೆಂಪು ಅಂಕಿಗಳು ಒಂದು ಕ್ಷಣ ನಿಂತು ಮೇಲಕ್ಕೆ ಹತ್ತತೊಡಗಿದವು. ಐನೂರ ಎಂಬತ್ತು ಇದ್ದದ್ದು ಆರುನೂರ ಮೂವತ್ತಾಯಿತು, ಏಳುನೂರಾಯಿತು. ರೇಡಿಯೊದಲ್ಲಿ ಲೋಬೊ ಅವರ ದನಿ ಬಂತು.

“ಇಂದುಮತಿಯವ್ರೇ, ಎಂತ ಮಾರಾಯ್ರೆ ಅಲ್ಲಿ? ನಾನು ಮುಂದೆ ಬಂದ ಹಾಗೆ ನಿಮ್ಮ ಊರು ಹಿಂದೆ ಹೋಗ್ತಾ ಉಂಟು!”

ನೀರಿನ ಟ್ಯಾಂಕಿನ ಮೇಲೆ ಇಡೀ ಊರಿಗೆ ಕೇಳಿಸುವ ಧ್ವನಿವರ್ಧಕವಿದೆ. ಅದರಲ್ಲಿ ನಾನು ಆದಷ್ಟು ನಿಧಾನವಾಗಿ ಹೇಳಿದೆ: ವಿಮಾನ ತಿರುಗಿ ಹೋಗುವ ಜಾಗ ದಾಟಿದೆ. ಉಳಿದ ದಾರಿ ಎಂಟುನೂರು. ಉಳಿದ ಇಂಧನ ಏಳುನೂರಕ್ಕೆ. ಎಲ್ಲರೂ ಬನ್ನಿ.

ಬಂದರು. ಒಲೆಯ ಮೇಲಿನದನ್ನು ಇಳಿಸದೆ ಬಂದವರಿದ್ದರು, ಅರ್ಧ ಕ್ಷೌರವಾದ ಗಲ್ಲದಲ್ಲಿ ಬಂದವರಿದ್ದರು. ಹಜಾರ ತುಂಬಿತು. ಚನ್ನವೀರಪ್ಪನವರು ದಸ್ತಗೀರನ ಕೈ ಹಿಡಿದುಕೊಂಡೇ ನಿಂತಿದ್ದರು. ಹಿಡಿದದ್ದು ಈಗ ಬೇರೆ ಥರ. ಅಂಕಿ ಏರುವುದು ನಿಂತಿತು, ಇಳಿಯಲಿಲ್ಲ. ಗಾಬರಿಯಿಂದ ಬಂದವರು ಗಾಬರಿಯನ್ನೇ ನೋಡುತ್ತಾ ನಿಂತಿದ್ದರು. ಎಲ್ಲರೂ ಮೆಹರುನ್ನೀಸಾಳನ್ನು ನೆನೆಯಿರಿ ಎಂದೆ. ಒಂದಿಷ್ಟು ಇಳಿದು ಮತ್ತೆ ಅಲ್ಲೇ ನಿಂತಿತು. ಅವಳ ಹಿಂದಿನ ಸಾಲಿನಲ್ಲಿ ಊರಿಗೆ ಬೇಡವಾದ ಮನುಷ್ಯ ಕುಳಿತಿದ್ದ. ಒಂದು ವಿಮಾನದಲ್ಲಿ ಒಬ್ಬನನ್ನು ಬಿಟ್ಟು ಉಳಿದವರನ್ನು ಬರಮಾಡಿಕೊಳ್ಳಲಾಗುವುದಿಲ್ಲ.

ಕೆಂಪನಂಜಮ್ಮ ಗೋಪುರದ ಮೆಟ್ಟಿಲ ಬುಡಕ್ಕೆ ಬಂದು ಕೂಗಿದಳು. “ಇಂದಕ್ಕಾ, ಆ ವಯ್ಯನ ಬಗ್ಗೆ ಏನಾರ ಹೇಳು. ಮಂಡಿನೋವೋ, ಮಗಳ ಮದುವೆಯೋ, ಏನಾರ. ಸುಮ್ನೆ ಗಾಳೀನ ಹೆಂಗ್ ಕಾಯೋದು?”

ನನ್ನಲ್ಲಿ ಏನೂ ಇರಲಿಲ್ಲ. ರೇಡಿಯೊದ ದನಿ ಹಜಾರಕ್ಕೂ ಕೇಳುವಂತೆ ಗುಂಡಿ ಒತ್ತಿ, ಅವರನ್ನೇ ಮಾತಾಡಿಸಿ ಎಂದು ಲೋಬೊ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಇಸ್ತ್ರಿ ಹಾಕಿದಂಥ ದನಿಯೊಂದು ಬಂತು.

“ನಾನು ಪಾರ್ಶ್ವನಾಥ್. ನನ್ನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕರ್ತವ್ಯದ ಮೇಲೆ ಬರುತ್ತಿದ್ದೇನೆ. ನನಗಾಗಿ ಯಾರೂ ಕಾಯುವ ಅಗತ್ಯವಿಲ್ಲ. ದಯವಿಟ್ಟು ನೀವೆಲ್ಲ ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ.”

ಕೆಂಪನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ನಮ್ ನಮ್ ಕೆಲ್ಸ ನೋಡ್ಕೋಬೇಕಂತೆ! ಒಲೆ ಆರೋಗದೆ, ಇಡ್ಲಿ ಹಳಸ್ತಾ ಅವೆ, ಊರಿಗೂರೇ ಬಂದು ಬಾಗಿಲಲ್ಲಿ ನಿಂತದೆ, ಇವನಿಗೆ ಅಗತ್ಯ ಇಲ್ವಂತೆ! ಬರ್ಲಿ. ಬರ್ಲಿ ಇವನು. ಎದುರಿಗೆ ನಿಲ್ಲಿಸ್ಕೊಂಡು ನಾಲ್ಕು ಮಾತು ಕೇಳ್ದೆ ಬಿಟ್ರೆ ನನ್ ಹೆಸ್ರು ಕೆಂಪನಂಜಮ್ಮ ಅಲ್ಲ.”

“ನಾಲ್ಕು ನೀನು ಕೇಳು, ಐದನೇದು ನಂದು,” ಎಂದ ಗಂಗಣ್ಣ. “ವಿಮಾನ ನಿಲ್ಸಿದ್ರೆ ನಾನು ಆಸ್ಪತ್ರೆಗೆ ಹೆಂಗೆ ಹೋಗ್ಲಿ ಅಂತ ಅವನ ಬಾಯಲ್ಲೇ ಹೇಳಿಸ್ಬೇಕು.”

“ನನಗೂ ಒಂದು ಕೇಳೋದೈತೆ.”

“ಸಾಲಾಗಿ ನಿಂತ್ಕೊಳ್ರಪ್ಪ, ಎಲ್ರೂ ಒಟ್ಟಿಗೆ ಬೈದ್ರೆ ಏನ್ ಕೇಳ್ಸುತ್ತೆ ಆಯಪ್ಪಂಗೆ?”

ಜನ ಬಾಗಿಲ ಕಡೆಗೆ ತಿರುಗಿದರು. ಎದುರಿಗಿರುವವನ ಮೇಲಿನ ಸಿಟ್ಟು ಬೇರೆ, ಬರಬೇಕಾದವನ ಮೇಲಿನ ಸಿಟ್ಟು ಬೇರೆ ಎಂದು ನಾನು ಕಲಿತದ್ದು ಅಂದು. ಅಂಕಿಗಳು ಮೆಟ್ಟಿಲಿಳಿಯುವ ಹಾಗಲ್ಲ, ಜಾರುವ ಹಾಗೆ ಇಳಿದವು. ನಾಲ್ಕುನೂರ ಹತ್ತಾದಾಗ ಲೋಬೊ, “ಹಾಂ, ಈಗ ಬಂತು ನೋಡಿ ಊರು,” ಎಂದು ದೊಡ್ಡದಾಗಿ ಉಸಿರುಬಿಟ್ಟರು. ಇಳಿದಾಗ ತೊಟ್ಟಿಯಲ್ಲಿ ಉಳಿದಿದ್ದ ಇಂಧನದ ಅಳತೆಯನ್ನು ಅವರು ನನಗೆ ಮಾತ್ರ ಹೇಳಿದರು. ನಾನು ಯಾರಿಗೂ ಹೇಳಿಲ್ಲ.

ಮೊದಲು ಹೊರಬಂದವಳು ಮೆಹರುನ್ನೀಸಾ. ಕರಿ ಕನ್ನಡಕ ತೆಗೆದು ಗಂಡನನ್ನು ದಿಟ್ಟಿಸಿ ನೋಡಿ, “ಯಾ ಅಲ್ಲಾ, ಇದೇನ್ರೀ ಗಡ್ಡಕ್ಕೆ ಕೆಂಪು ಬಳ್ಕೊಂಡಿದೀರಾ? ಡಾಕ್ಟ್ರು ಸರಿಯಾಗ್ ಆಪರೇಷನ್ ಮಾಡಿಲ್ಲ ಅನ್ಕೊಂಡೆ!” ಎಂದಳು. ಹಜಾರ ನಕ್ಕಿತು, ದಸ್ತಗೀರ್ ಅತ್ತ. ಕೊನೆಯಲ್ಲಿ ಪಾರ್ಶ್ವನಾಥ್ ಬಂದರು. ತೆಳ್ಳಗಿನ, ಕಿವಿಯ ಮೇಲೆ ಮಾತ್ರ ನರೆತ ಮನುಷ್ಯ. ಕೈಯಲ್ಲೊಂದು ಅಳತೆಯ ಪೆಟ್ಟಿಗೆ. ತಮ್ಮ ದಾರಿ ನೋಡುತ್ತಾ ಸಾಲಾಗಿ ನಿಂತಿದ್ದ ಅಷ್ಟು ಜನರನ್ನು ಕಂಡು ಅವರ ಕಾಲು ಬಾಗಿಲಲ್ಲೇ ತಡೆಯಿತು. ಮುಖ ಬಿಳಿಚಿಕೊಂಡಿತ್ತು. ಅಂಕಿ ಅವರಿಗೂ ಗೊತ್ತಿತ್ತು. ವಿಮಾನದೊಳಗೆ ಕುಳಿತು ಪೆಟ್ಟಿಗೆಯಲ್ಲಿ ಎಲ್ಲವನ್ನೂ ನೋಡಿದ್ದರು. ಕೆಂಪನಂಜಮ್ಮ ಮುಂದೆ ಹೋದವಳು ಅವರ ಮುಖ ನೋಡಿ ಇಡ್ಲಿಯ ತಟ್ಟೆ ತಂದು ಮುಂದೆ ಹಿಡಿದಳು.

“ಬೆಳಗ್ಗಿಂದ ಏನೂ ತಿಂದಿಲ್ವೇನೋ. ಮೊದ್ಲು ತಿನ್ನಪ್ಪ. ಆಮೇಲ್ ಬೈತೀನಿ.”

ತಿಂದ ಮೇಲೆ ಬೈದಳು ಕೂಡ. ಬಾಕಿಯವರೂ ಒಬ್ಬೊಬ್ಬರಾಗಿ ಬಂದು ಕೇಳಬೇಕಾದದ್ದನ್ನು ಕೇಳಿದರು. ಅವರು ಯಾರ ಮಾತನ್ನೂ ನಡುವೆ ತಡೆಯಲಿಲ್ಲ. ಗಂಗಣ್ಣನ ಪ್ರಶ್ನೆಗೆ ಮಾತ್ರ, “ನನಗೆ ಉತ್ತರ ಗೊತ್ತಿಲ್ಲ,” ಎಂದರು. ಸಂಜೆ ಗೋಪುರ ಹತ್ತಿ ಬಂದು ನನ್ನೆದುರಿನ ಸ್ಟೂಲಿನ ಮೇಲೆ ಕುಳಿತರು.

“ಕಾರಣ ನನಗೆ ಬೇಡ, ಮೇಡಂ. ಕಾರಣ ಕೇಳುವ ಅಂಕಣ ನನ್ನ ವರದಿಯಲ್ಲಿ ಇಲ್ಲ. ಆದರೆ ಪಟ್ಟಿಗೆ ಒಂದು ಅಂಕಿ ಬೇಕು. ದಿನಕ್ಕೊಂದು ಥರ ಇರುವುದನ್ನು ಅಚ್ಚು ಹಾಕಲಾಗುವುದಿಲ್ಲ. ಇವತ್ತು ಇದರಲ್ಲಿ ಜನ ಸಾಯುತ್ತಿದ್ದರು.”

ಅದಕ್ಕೆ ಎದುರಾಡುವ ಮುಖ ನಮ್ಮ ಊರಿಗೆ ಇರಲಿಲ್ಲ. ಆದರೂ ಬಹಳ ದಿನದಿಂದ ನನ್ನ ತಲೆಯಲ್ಲಿದ್ದದ್ದನ್ನು ಹೇಳಿದೆ. “ಗರಿಷ್ಠದ ಅಂಕಿ ಹಾಕಬಹುದಲ್ಲ ಸಾರ್? ಎಷ್ಟೇ ಬೆಳೆದರೂ ಇದನ್ನು ಮೀರುವುದಿಲ್ಲ ಎಂಬ ಅಂಕಿ. ಅಷ್ಟು ಇಂಧನ ತುಂಬಿದರೆ ಯಾರು ಕಾದರೂ, ಕಾಯದಿದ್ದರೂ ವಿಮಾನ ಬಂದು ಸೇರುತ್ತದೆ.”

“ಎಷ್ಟು ಅದು? ಯಾರೂ ಕಾಯದಿದ್ದಾಗ?”

“ಗೊತ್ತಿಲ್ಲ. ಅಷ್ಟು ದೂರವನ್ನು ಯಾರೂ ಪೂರ್ತಿ ಹಾರಿಲ್ಲ. ಅರ್ಧದಲ್ಲಿ ತಿರುಗಿ ಹೋಗಿದ್ದಾರೆ.”

ಅವರು ಕಿಟಕಿಯಾಚೆ ನೋಡಿದರು. ಒಂದು ತಿಂಗಳ ಗಡುವಿದೆ, ಅಷ್ಟರೊಳಗೆ ಆ ಅಂಕಿ ಸಿಕ್ಕಿದರೆ ಮಾರ್ಗ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ ಎಂದರು. ಸೀಟುಗಳನ್ನು ಕಿತ್ತು ಹೆಚ್ಚಿನ ಇಂಧನ ತೊಟ್ಟಿಗಳನ್ನು ಇಟ್ಟ ವಿಮಾನದಲ್ಲಿ, ಊರಿಗೆ ಹೆಸರೂ ಗೊತ್ತಿಲ್ಲದ ಪೈಲಟ್‌ಗಳ ಜೊತೆ ತಾವೇ ಬರುವುದಾಗಿ ಹೇಳಿದರು. ಬೇರೆ ಯಾರನ್ನಾದರೂ ಕಳಿಸಿ ಎಂದೆ.

“ಯಾಕೆ? ನನ್ನನ್ನು ಯಾರು ಕಾಯುತ್ತಾರೆ?” ಅವರು ಇದನ್ನು ದುಃಖದಿಂದ ಹೇಳಲಿಲ್ಲ. ಅಳತೆಗೆ ತಾವು ಅನುಕೂಲ ಎಂಬಂತೆ ಹೇಳಿದರು.

ಪರೀಕ್ಷೆಯ ದಿನ ಊರು ಶ್ರದ್ಧೆಯಿಂದ ಕಾಯದೆ ಇರಲು ಹೊರಟಿತು. ಬೇರೆ ಕೆಲಸವಿಲ್ಲದಿದ್ದರೆ ಮನಸ್ಸು ಬಾಗಿಲಿಗೆ ಹೋಗುತ್ತದೆಂದು ಎಲ್ಲರೂ ಕೆರೆಯ ಹೂಳೆತ್ತಲು ಹೋದರು. ಕೆಂಪನಂಜಮ್ಮ ಎರಡು ಸೇರು ಅಕ್ಕಿಹಿಟ್ಟು ಕಲಸಿ ಚಕ್ಕುಲಿ ಒತ್ತುತ್ತಾ ಕುಳಿತಳು. ವಿಮಾನ ಸಾವಿರದ ನಾನೂರ ಇಪ್ಪತ್ತು ಕಿಲೋಮೀಟರ್ ಹಾರಿ ಪಟ್ಟಿಯಲ್ಲಿದ್ದುದಕ್ಕಿಂತ ಮೊದಲೇ ಬಂದಿಳಿಯಿತು. ಪಾರ್ಶ್ವನಾಥ್ ಖಾಲಿ ಹಜಾರದಲ್ಲಿ ನಿಂತು, “ಯಾರು ಕಾದದ್ದು?” ಎಂದು ಜೋರಾಗಿಯೇ ಕೇಳಿದರು.

“ಯಾರೂ ಇಲ್ವಲ್ಲಪ್ಪ,” ಎಂದಳು ಕೆಂಪನಂಜಮ್ಮ. ಕೈಯಲ್ಲಿ ಚಕ್ಕುಲಿಯ ತಟ್ಟೆಯಿತ್ತು. ಗಂಗಣ್ಣ ಕೆರೆಯಿಂದ ಕೆಸರು ಕಾಲಲ್ಲೇ ಬಂದವನು, ಸುಮ್ಮನೆ ಹೀಗೇ ಬಂದೆ ಎಂದ. ದಸ್ತಗೀರ್ ಆಟೋ ತಂದು ನಿಲ್ಲಿಸಿದ್ದ. ಬೈಗುಳ ತಿಂದು, ಇಡ್ಲಿ ತಿಂದು, ಉತ್ತರ ಗೊತ್ತಿಲ್ಲ ಎಂದು ಒಪ್ಪಿಕೊಂಡು ಹೋದ ಮನುಷ್ಯನನ್ನು ಮರೆತುಬಿಡುವುದು ಯಾರ ಕೈಯಲ್ಲೂ ಆಗಿರಲಿಲ್ಲ. ಆ ಅಂಕಿ ಯಾತಕ್ಕೂ ಬರುವಂತಿರಲಿಲ್ಲ. ಗಡುವಿಗೆ ನಾಲ್ಕು ದಿನ ಉಳಿದಿತ್ತು.

ಎರಡನೆಯ ಸಲ ಅವರು ಯಾರಿಗೂ ತಿಳಿಸದೆ ಹೊರಟರು. ನಿಗದಿತ ವಿಮಾನವಿಲ್ಲದ ಒಂದು ಬೆಳಿಗ್ಗೆ. ಚನ್ನವೀರಪ್ಪನವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ, ಅಳೆಯಬೇಕಾದವಳು ನಾನಾದ್ದರಿಂದ. ನಾನೂ ಕಾಯಬಾರದೆಂದು ನಿಶ್ಚಯಿಸಿದ್ದೆ. ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿಕೊಂಡೆ. ಅವಿಭಾಜ್ಯ ಸಂಖ್ಯೆಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮಾಪಕ ಸಮವಾಗಿ ಇಳಿಯುತ್ತಿತ್ತು, ಒಟ್ಟು ಎರಡು ಸಾವಿರದ ಇನ್ನೂರ ಹತ್ತಕ್ಕೆ ಹೊಂದುವಂತೆ. ಇದುವರೆಗೆ ಕಂಡ ಎಲ್ಲ ಅಂಕಿಗಳಿಗಿಂತ ದೊಡ್ಡದು. ಸಿಕ್ಕಿತು ಎಂದುಕೊಂಡೆ.

ವಿಮಾನ ಹೊರಟು ಮೂರು ಗಂಟೆ ದಾಟಿದ ಮೇಲೆ ನೀರು ತರಲು ಕೆಳಗೆ ಹೋದೆ. ನಲ್ಲಿಯಲ್ಲಿ ನೀರು ಬರಲಿಲ್ಲ. ಹಿಂದಿನ ತೊಟ್ಟಿಯವರೆಗೆ ಹೋಗಿ, ಅಲ್ಲಿ ಪಾಚಿ ಕಟ್ಟಿದ್ದು ನೋಡಿ, ಅದನ್ನು ಯಾರಿಗೆ ಹೇಳಬೇಕು ಎಂದು ಯೋಚಿಸುತ್ತಾ ಮರಳಿದೆ. ಬಂದು ನೋಡಿದರೆ ಉಳಿದ ದೂರ ಕಡಿಮೆಯಾಗುವ ಬದಲು ತೊಂಬತ್ತು ಹೆಚ್ಚಾಗಿತ್ತು. ನಾನು ನೋಡುತ್ತಿದ್ದ ಹಾಗೆ ಅದು ಇಳಿಯಿತು, ಇಳಿದು ಮೊದಲಿನ ಲೆಕ್ಕಕ್ಕೇ ಬಂದು ನಿಂತಿತು.

ನಾನು ಏನೂ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಕಿ ವರದಿಗೆ ಹೋಗುತ್ತಿತ್ತು, ಮಾರ್ಗ ಉಳಿಯುತ್ತಿತ್ತು. ಆದರೆ ಆ ಅಂಕಿಯನ್ನು ನಂಬಿ ಇಂಧನ ತುಂಬುತ್ತಾರೆ. ಗಂಗಣ್ಣ ಅದರಲ್ಲಿ ಕುಳಿತು ಬರುತ್ತಾನೆ.

ಪಾರ್ಶ್ವನಾಥ್ ಇಳಿದು, ಖಾಲಿ ಹಜಾರ ದಾಟಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. “ಎರಡು ಸಾವಿರದ ಇನ್ನೂರ ಹತ್ತು. ನನ್ನ ಪೆಟ್ಟಿಗೆಯಲ್ಲೂ ಅಷ್ಟೇ.” ಅವರ ಮುಖದಲ್ಲಿ ಹುಡುಗರ ಸಂತೋಷವಿತ್ತು.

“ಇದು ಯಾರೂ ಕಾಯದ ದೂರ ಅಲ್ಲ, ಸಾರ್,” ಎಂದೆ. ನೀರಿಗೆ ಹೋದದ್ದು, ತೊಂಬತ್ತು ಏರಿದ್ದು, ಇಳಿದದ್ದು ಎಲ್ಲ ಹೇಳಿದೆ.

ಅವರು ಸ್ಟೂಲಿನ ಮೇಲೆ ಕುಳಿತರು. “ನನ್ನ ಪೆಟ್ಟಿಗೆಯಲ್ಲೂ ಅಂಕಿ ಆಗ ಏರಿತ್ತು. ಅದನ್ನು ನಾನು ಪೈಲಟ್‌ನ ತಪ್ಪು ಅಂದುಕೊಂಡಿದ್ದೆ.” ಪೆಟ್ಟಿಗೆಯನ್ನು ಕೆಳಗಿಟ್ಟು, “ಹಾಗಾದರೆ ಯಾರೂ ಕಾಯದ ದೂರ ಎಷ್ಟು?” ಎಂದರು.

“ಅಳೆಯೋಕಾಗಲ್ಲ. ಅಳೆಯೋಕೆ ಒಬ್ಬರು ಬೇಕು. ಬರುವ ವಿಮಾನ ಎಲ್ಲಿದೆ ಅಂತ ನೋಡ್ತಾ ಕೂತವರು ಎಷ್ಟು ಬೇಡ ಅಂದ್ರೂ ಕಾಯ್ತಾನೇ ಇರ್ತಾರೆ.”

“ನಾಲ್ಕು ದಿನವೂ ಇಲ್ಲ ಈಗ.”

“ಗೊತ್ತು ಸಾರ್.”

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ರನ್‌ವೇ ಮೇಲೆ ಒಂದು ನಾಯಿ ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿತ್ತು. ಬೆನ್ನು ತಿರುಗಿಸಿಕೊಂಡೇ ಕೇಳಿದರು. “ಗೋಪುರದಲ್ಲಿ ಯಾರೂ ಇಲ್ಲದೆ ಇಲ್ಲಿ ವಿಮಾನ ಇಳಿಸಬಹುದೇ?”

“ಇಲ್ಲ. ನಿಯಮ ಇದೆ.”

“ಯಾರದು?”

“ನಿಮ್ಮದೇ. ದೊಡ್ಡ ಕಚೇರಿಯದು.”

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಂದು ಕುಳಿತು, ಪೆನ್ನಿನ ಮುಚ್ಚಳ ತೆಗೆದು, ವರದಿಯಲ್ಲಿ ಎರಡು ಸಾವಿರದ ಇನ್ನೂರ ಹತ್ತು ಎಂದು ಬರೆದರು. ಪ್ರಯಾಣದ ಸಮಯ, ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಟಿಪ್ಪಣಿ: ‘ಗೋಪುರದಲ್ಲಿ ಒಬ್ಬರು ಎಚ್ಚರವಾಗಿ ಕಾಯುತ್ತಿರುವಾಗ.’ ಬರೆದದ್ದನ್ನು ನನ್ನ ಕಡೆ ತಿರುಗಿಸಿ, ಸರಿಯಿದೆಯೇ ನೋಡಿ ಎಂದರು. ಸರಿಯಿತ್ತು.

ಮಾರ್ಗ ಉಳಿಯಿತು. ಹೆಚ್ಚಿನ ತೊಟ್ಟಿಗಳಿಗಾಗಿ ಎಂಟು ಸೀಟುಗಳು ಶಾಶ್ವತವಾಗಿ ಹೋದವು. ಹಬ್ಬದ ಸಮಯದಲ್ಲಿ ಅದಕ್ಕಾಗಿ ಜನ ನನಗೇ ಬೈಯುತ್ತಾರೆ. ಹೊಸ ಪಟ್ಟಿ ನೋಡಿದ ಹೊರಗಿನವರು ಅಷ್ಟೊಂದು ದೂರವೇ ಎಂದು ಹುಬ್ಬೇರಿಸುತ್ತಾರೆ, ಬಂದಿಳಿದು ಗಡಿಯಾರ ನೋಡಿಕೊಂಡು ಕಂಪನಿಯನ್ನು ಹೊಗಳುತ್ತಾರೆ. ಸರದಿಯ ಬೀದಿಯವರು ಬಂದು ಕುಳಿತ ದಿನ ವಿಮಾನ ಒಂದು ಗಂಟೆಗೂ ಹೆಚ್ಚು ಮುಂಚೆ ಬಂದಿರುತ್ತದೆ.

ಅಚ್ಚಾದ ಪಟ್ಟಿಯಲ್ಲಿ ಆ ಟಿಪ್ಪಣಿ ಬಿಟ್ಟುಹೋಗಿದೆ. ಜಾಗ ಸಾಲಲಿಲ್ಲವಂತೆ. ಅಂಕಿ ಮಾತ್ರ ಇದೆ, ದೇಶದ ಬೇರೆಲ್ಲ ಅಂಕಿಗಳ ಸಾಲಿನಲ್ಲಿ, ಅವುಗಳಷ್ಟೇ ಗಟ್ಟಿಯಾಗಿ. ಅದರೊಳಗೆ ಒಬ್ಬರ ಗಮನ ಸೇರಿದೆ ಎಂದು ಗೊತ್ತಿರುವುದು ಇಬ್ಬರಿಗೆ. ಮೊನ್ನೆ ಹಬ್ಬದ ಮಾರನೇ ದಿನ ಬೀದಿಯವರು ಯಾರೂ ಬಂದಿರಲಿಲ್ಲ. ವಿಮಾನದಲ್ಲಿದ್ದವರು ಮೂವರು, ಒಬ್ಬರ ಪರಿಚಯವೂ ನನಗಿಲ್ಲ. ಹೇಳಿ ಹತ್ತಿದ ಮಾತುಗಳೂ ಫೋನು ಕೆಟ್ಟು ನನಗೆ ತಲುಪಿರಲಿಲ್ಲ. ಮಾಪಕದ ಲೆಕ್ಕದಲ್ಲಿ ಒಟ್ಟು ದೂರ ಎರಡು ಸಾವಿರದ ಇನ್ನೂರರ ಹತ್ತಿರ ಹೋಗಿ ನಿಂತಿತು. ಬಾಯಾರಿಕೆಯಾಗಿತ್ತು. ಏಳಲಿಲ್ಲ. ಆ ಮೂವರಲ್ಲಿ ಮೊದಲನೆಯವರು ಹೇಗಿರಬಹುದು ಎಂದು ಯೋಚಿಸುತ್ತಾ ಅಂಕಿಯನ್ನು ನೋಡುತ್ತಾ ಕುಳಿತೆ. ನಾಲ್ಕು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಬಂದಿಳಿದರು. ಪಟ್ಟಿಯಲ್ಲಿ ಇದ್ದ ಹಾಗೆಯೇ.